ಆರ್ಕ್ ಎಂಬ ಊರು ಎಲ್ಲಿದೆ?

ಕರಡಚ್ಚಿನ ಅಂಚಿನಲ್ಲಿ ಕೆಂಪು ಶಾಯಿಯ ಪುಟ್ಟ ಸಾಲು: ‘ಆರ್ಕ್ ಎಲ್ಲಿದೆ? ಎರಡು ಭೂಪಟ ನೋಡಿದೆ, ಸಿಗಲಿಲ್ಲ.’

ಮಕ್ಕಳಿಗಾಗಿ ಯುರೋಪಿನ ಇತಿಹಾಸದ ಕಿರುಹೊತ್ತಗೆಯೊಂದನ್ನು ಕನ್ನಡಕ್ಕೆ ತಂದಿದ್ದೆ. ಕರಡು ತಿದ್ದುತ್ತಿದ್ದವರು ನಿವೃತ್ತ ಮೇಷ್ಟ್ರು. ಅವರು ಗೆರೆ ಎಳೆದಿದ್ದ ವಾಕ್ಯ ನನ್ನದೇ: ‘ಆರ್ಕ್ ಎಂಬ ಹಳ್ಳಿಯಲ್ಲಿ ಜೋನ್ ಎಂಬ ಹುಡುಗಿಯಿದ್ದಳು.’ ಇಂಗ್ಲಿಷರ ವಿರುದ್ಧ ಫ್ರಾನ್ಸಿನ ಸೇನೆಯ ಮುಂದೆ ನಿಂತ ಆ ಹುಡುಗಿಯ ಬಗ್ಗೆ ಮೂಲದಲ್ಲಿ ಇದ್ದದ್ದು ‘ಜೋನ್ ಆಫ್ ಆರ್ಕ್’ ಅಷ್ಟೇ. ಹಳ್ಳಿಯನ್ನು ಕಟ್ಟಿದವಳು ನಾನು.

ಮುದ್ರಣಾಲಯಕ್ಕೆ ಹೋದಾಗ ಮಧ್ಯಾಹ್ನ. ಮೇಷ್ಟ್ರು ಕನ್ನಡಕ ಒರೆಸಿಕೊಳ್ಳುತ್ತಾ, “ಕೂತುಕೊಳ್ಳಮ್ಮ. ಆ ‘ಆಫ್’ ಏನು ಹೇಳುತ್ತದೆ ಎಂದು ಕೇಳಿಕೊಂಡೆಯಾ?” ಎಂದರು. ಕೇಳಿಕೊಂಡಿರಲಿಲ್ಲ. ಇಂಗ್ಲಿಷಿನಲ್ಲಿ ವ್ಯಕ್ತಿಯ ಹೆಸರಾದ ಮೇಲೆ ‘ಆಫ್’, ಅದರ ಬೆನ್ನಿಗೆ ಇನ್ನೊಂದು ಹೆಸರು ಬಂದರೆ, ಆ ಎರಡನೆಯದನ್ನು ಊರೆಂದುಕೊಂಡು ಷಷ್ಠೀ ವಿಭಕ್ತಿ ಹಚ್ಚಿ ಮುಂದಕ್ಕೆ ತಂದಿಡುವುದು ನನಗೆ ಕೈಗೆ ಕೂತ ಅಭ್ಯಾಸ. ಅಸ್ಸಿಸಿಯ ಫ್ರಾನ್ಸಿಸ್ ವಿಷಯದಲ್ಲಿ ಅದು ಸರಿಯೇ. ಆ ಸಂತ ಹುಟ್ಟಿದ್ದು ಇಟಲಿಯ ಅಸ್ಸಿಸಿಯಲ್ಲೇ. ಆ ಒಂದು ಹೆಸರು ಕೊಟ್ಟ ಧೈರ್ಯ ಮಿಕ್ಕವಕ್ಕೆಲ್ಲ ಸಾಕಾಗಿತ್ತು.

ಜೋನ್ ಹುಟ್ಟಿದ್ದು 1412ರ ಸುಮಾರಿಗೆ, ಇಂದಿನ ಫ್ರಾನ್ಸಿನ ಈಶಾನ್ಯದಲ್ಲಿರುವ ದೊಮ್ರೆಮಿ ಎಂಬ ಹಳ್ಳಿಯಲ್ಲಿ. ‘ದಾರ್ಕ್’ ಎಂಬುದು ಅವಳ ತಂದೆಯ ಹೆಸರಿನ ಜೊತೆಗಿದ್ದದ್ದು. ಅದರ ಮೊದಲ ‘ದ್’ ಅನ್ನು ಬಿಡಿಸಿಕೊಂಡು ಇಂಗ್ಲಿಷಿನವರು ‘ಆಫ್’ ಮಾಡಿದರು, ಅದನ್ನು ನಾನು ಹಳ್ಳಿ ಮಾಡಿದೆ. 1431ರಲ್ಲಿ ರೂವಾನ್ ನಗರದ ವಿಚಾರಣೆಯಲ್ಲಿ ಹೆಸರು ಕೇಳಿದಾಗ ಅವಳು, ನಮ್ಮೂರಿನಲ್ಲಿ ಜಾನೆಟ್ ಎನ್ನುತ್ತಿದ್ದರು, ಫ್ರಾನ್ಸಿಗೆ ಬಂದಮೇಲೆ ಜಾನ್ ಎಂದರು, ಅಡ್ಡಹೆಸರಿನ ವಿಷಯ ನನಗೆ ತಿಳಿಯದು ಎಂಬರ್ಥದ ಉತ್ತರ ಕೊಟ್ಟಳು. ತಮ್ಮ ಕಡೆ ಹೆಣ್ಣುಮಕ್ಕಳಿಗೆ ತಾಯಿಯ ಅಡ್ಡಹೆಸರು ಬರುತ್ತದೆ ಎಂದೂ ಆಮೇಲೆ ಹೇಳಿದಳು. ಹತ್ತೊಂಬತ್ತರ ಆಸುಪಾಸಿನ ಹುಡುಗಿ ಸಾವಿನ ಮುಂದೆ ನಿಂತು ಅಷ್ಟು ಸ್ಪಷ್ಟವಾಗಿ ಆಡಿದ ಮಾತು ದಾಖಲೆಯಲ್ಲಿ ಉಳಿದಿದೆ. ಅದನ್ನು ನೋಡದೆ ಅವಳಿಗೊಂದು ಇಲ್ಲದ ಊರು ಕೊಟ್ಟೆನಲ್ಲ ಎಂದು ಆ ದಿನ ನಿಜಕ್ಕೂ ನೊಂದುಕೊಂಡೆ.

“ಹಾಗಾದರೆ ಉಳಿದವರನ್ನೂ ನೋಡೋಣ” ಎಂದು ಮೇಷ್ಟ್ರು ಪುಟ ತಿರುವಿದರು. ಟ್ರಾಯ್‌ನ ಹೆಲೆನ್. ಗ್ರೀಕ್ ಪುರಾಣದಲ್ಲಿ ಅವಳು ಸ್ಪಾರ್ಟಾದ ರಾಜ ಮೆನೆಲಾಸನ ಹೆಂಡತಿ. ಟ್ರಾಯ್ ಎಂಬುದು ಅಲ್ಲಿಯ ರಾಜಕುಮಾರ ಪ್ಯಾರಿಸ್ ಅವಳನ್ನು ಕರೆದೊಯ್ದ ಊರು. ಟ್ರಾಯ್ ಯುದ್ಧ ನಡೆದದ್ದು ಅದಕ್ಕೇ. ‘ಟ್ರಾಯ್‌ನ ಹೆಲೆನ್’ ಎಂದು ಓದಿದ ಕನ್ನಡದ ಮಗು ಅವಳನ್ನು ಟ್ರಾಯ್‌ನ ಮಗಳೆಂದೇ ತಿಳಿಯುತ್ತದೆ. ಆಗ ಯುದ್ಧ ಏಕೆ ನಡೆಯಿತು ಎಂಬುದೇ ಅರ್ಥವಾಗುವುದಿಲ್ಲ.

ನನಗೆ ತಟ್ಟನೆ ನೆನಪಾದದ್ದು ನಮ್ಮ ತಿಪಟೂರತ್ತೆ. ಅಪ್ಪನ ಅಕ್ಕ, ಹುಟ್ಟಿದ್ದು ಕಡೂರಿನಲ್ಲಿ. ತಿಪಟೂರಿಗೆ ಮದುವೆಯಾಗಿ ಹೋದದ್ದರಿಂದ ನಮಗೆಲ್ಲ ತಿಪಟೂರತ್ತೆ. ಅಲ್ಲಿಯ ಓರಗಿತ್ತಿಯರಿಗೆ ಮಾತ್ರ ಕೊನೆಯವರೆಗೂ ‘ಕಡೂರಿನವಳು’. ತವರಿನವರು ಹೋದ ಊರಿನಿಂದ ಕರೆದರು, ಹೋದ ಊರಿನವರು ತವರಿನಿಂದ ಕರೆದರು. ಇದನ್ನು ಹೇಳಿದಾಗ ಮೇಷ್ಟ್ರ ಮುಖ ಅರಳಿತು. “ನಮ್ಮ ಗಾಂಧಾರಿ, ಮಾದ್ರಿ, ಕೈಕೇಯಿ ಎಲ್ಲರೂ ತವರಿನ ಹೆಸರಿನವರೇ ಅಲ್ಲವೇ?” ಎಂದರು. ಎಂಟನೆಯ ಹೆನ್ರಿಯ ಮೊದಲ ಹೆಂಡತಿ ಅರಾಗಾನ್‌ನ ಕ್ಯಾಥರೀನಳೂ ಅದೇ ಸಾಲಿನವಳು. ತಂದೆ ಅರಾಗಾನ್‌ನ ರಾಜ. ಅವಳು ರಾಣಿಯಾಗಿ ಬಾಳಿದ್ದು ಇಂಗ್ಲೆಂಡಿನಲ್ಲಿ. ಗಾಂಧಾರಿಯನ್ನು ಬಲ್ಲ ಓದುಗನಿಗೆ ಕ್ಯಾಥರೀನಳ ‘ಆಫ್’ ಅನ್ನು ಬಿಡಿಸಿ ಹೇಳಬೇಕಾಗಿಲ್ಲ ಎಂದು ನನಗನ್ನಿಸಿತು. ಅವಳ ಹೆಸರನ್ನು ಇದ್ದಂತೆಯೇ ಬಿಟ್ಟೆವು.

ಹುಟ್ಟೂರಲ್ಲದ ಊರು ಹೆಸರಿನಲ್ಲಿ ಕೂರುವುದು ನಮ್ಮಲ್ಲೂ ಹೊಸದಲ್ಲ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಹೆಸರಿನ ಮುಂದಿನ ‘ಎಂ’ ಎಂದರೆ ಮೋಕ್ಷಗುಂಡಂ, ಇಂದಿನ ಆಂಧ್ರದಲ್ಲಿರುವ ಪೂರ್ವಿಕರ ಊರು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಹುಟ್ಟಿದ್ದು ಮುಳಬಾಗಿಲಿನಲ್ಲಿ. ನಾವು ಅಲ್ಲಿ ಪ್ರತ್ಯಯವನ್ನೇ ಹಚ್ಚುವುದಿಲ್ಲ. ‘ಮೋಕ್ಷಗುಂಡದ ವಿಶ್ವೇಶ್ವರಯ್ಯ’ ಎಂದು ಬರೆದು ನೋಡಿ, ಮನುಷ್ಯರೇ ಬೇರೆಯಾಗುತ್ತಾರೆ. ಒಂದು ‘ದ’ಕಾರ ಅವರನ್ನು ಕರೆದೊಯ್ದು ಅಲ್ಲಿ ಮನೆ ಮಾಡಿಸಿಬಿಡುತ್ತದೆ. ನನ್ನ ಅನುವಾದದ ದೋಷ ಇದ್ದದ್ದು ಇಲ್ಲೇ. ಇಂಗ್ಲಿಷಿನ ‘ಆಫ್’ ಎರಡು ಹೆಸರುಗಳ ನಡುವೆ ಏನೋ ನಂಟಿದೆ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಅದು ಹುಟ್ಟೋ, ಆಳ್ವಿಕೆಯೋ, ತಂದೆಯ ಮನೆತನವೋ ಎಂಬುದನ್ನು ಪ್ರತಿ ಹೆಸರಿನ ಬಳಿಯೂ ನಿಂತು ವಿಚಾರಿಸಬೇಕು.

ಸಂಜೆಯವರೆಗೆ ಕೂತೆವು. ಹೆಲೆನ್ ‘ಸ್ಪಾರ್ಟಾದ ರಾಣಿ ಹೆಲೆನ್’ ಆದಳು. ಜೋನ್‌ಳನ್ನು ಒಮ್ಮೆ ‘ಜೋನ್ ಆಫ್ ಆರ್ಕ್’ ಎಂದೇ ಬರೆದು, ‘ದೊಮ್ರೆಮಿ ಹಳ್ಳಿಯ ರೈತನ ಮಗಳು’ ಎಂದು ಸೇರಿಸಿದೆ. ಕೊನೆಗೆ ಉಳಿದದ್ದು ‘ಆರೆಂಜ್‌ನ ವಿಲಿಯಂ’. ಸ್ಪೇನಿನ ವಿರುದ್ಧ ಡಚ್ಚರ ದಂಗೆಯ ನಾಯಕ, ಜರ್ಮನಿಯ ಡಿಲೆನ್‌ಬರ್ಗ್‌ನಲ್ಲಿ 1533ರಲ್ಲಿ ಹುಟ್ಟಿದವನು. ದಕ್ಷಿಣ ಫ್ರಾನ್ಸಿನ ಆರೆಂಜ್ ಸಂಸ್ಥಾನ ಅವನಿಗೆ ಬಂದದ್ದು 1544ರಲ್ಲಿ ದಾಯಾದಿಯೊಬ್ಬ ತೀರಿಕೊಂಡಾಗ. ‘ಆರೆಂಜ್ ಸಂಸ್ಥಾನದ ಒಡೆಯ ವಿಲಿಯಂ’ ಎಂದು ತಿದ್ದಿದೆ. ಸಾಲು ಉದ್ದವಾಗಿ ಪುಟದಿಂದ ಆಚೆ ಹೋಯಿತು. ಅಕ್ಷರ ಜೋಡಿಸುವ ಹುಡುಗನನ್ನು ಕರೆದು ಮೇಷ್ಟ್ರು, “ಕೆಳಗಿನ ಚಿತ್ರವನ್ನು ಸ್ವಲ್ಪ ಚಿಕ್ಕದು ಮಾಡಪ್ಪ” ಎಂದರು.