ಪೈಲಿನ್‌ನ ಕಹಿ ಉಪ್ಪು

ಅಂಕೋರ್ ವಾಟ್‌ಗೆ ಎರಡು ದಿನ ಕೊಟ್ಟೆವು. ಚೆನ್ನಾಗಿತ್ತು, ಜನ ಮಾತ್ರ ತುಂಬಾ ಜಾಸ್ತಿ. ಆದರೆ ನಾನು ಕಾಂಬೋಡಿಯಾಕ್ಕೆ ಹೋಗಿದ್ದೇ ಪೈಲಿನ್ ನೋಡಲು, ಮಲೇರಿಯಾದ ಮದ್ದುಗಳು ಸೋತ ಊರು ಅಂತ.

ಥಾಯ್ಲೆಂಡ್ ಗಡಿಯ ಪಕ್ಕದ ಸಣ್ಣ ಊರದು. ಬಟ್ಟಂಬಾಂಗ್‌ನಿಂದ ಸುಮಾರು 80 ಕಿ.ಮೀ. ಶೇರ್ ಟ್ಯಾಕ್ಸಿಯಾದರೆ ಬೆಳಿಗ್ಗೆಯೇ ಹೊರಡಿ. ನಾವು ಮಧ್ಯಾಹ್ನ ಹೋಗಿ, ಸೀಟು ತುಂಬಲಿ ಅಂತ ಮೂರು ಗಂಟೆ ಬಿಸಿಲಲ್ಲಿ ಕಾದೆವು. ಕೊನೆಗೆ ಖಾಲಿ ಸೀಟಿನ ದುಡ್ಡನ್ನೂ ನಾವೇ ತೆತ್ತೆವು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಾನು ಮಂಗಳೂರಿನವಳು. ಮಲೇರಿಯಾ ಎರಡು ಸಲ ಬಂದಿದೆ. ನನ್ನದು ವೈವಾಕ್ಸ್ ಅನ್ನುವ ಜಾತಿಯದು, ಕ್ಲೋರೋಕ್ವಿನ್ ಮಾತ್ರೆಗೆ ಬಗ್ಗಿತು. ಹೆಚ್ಚು ಜೀವ ತೆಗೆಯುವ ಜಾತಿ ಫಾಲ್ಸಿಪಾರಂ. 1950ರ ದಶಕದ ಕೊನೆಯಲ್ಲಿ ಅದರ ಮುಂದೆ ಕ್ಲೋರೋಕ್ವಿನ್ ಮೊದಲು ಸೋತ ಜಾಗಗಳಲ್ಲಿ ಈ ಗಡಿಯೂ ಒಂದು.

ಆಗ ಇಲ್ಲಿ ಕೆಂಪು, ನೀಲಿ ಹರಳು ಅಗೆಯಲು ಎಲ್ಲೆಲ್ಲಿಂದಲೋ ಹುಡುಗರು ಬರುತ್ತಿದ್ದರು. ಮಲೇರಿಯಾ ಕಂಡೇ ಇರದ ಮೈ, ಸುತ್ತ ಕಾಡು. ಅವರನ್ನು ಕಾಪಾಡಲೆಂದು 1960ರ ದಶಕದ ಶುರುವಿನಲ್ಲಿ ಅಡುಗೆ ಉಪ್ಪಿಗೇ ಮಾತ್ರೆಯ ಮದ್ದು ಬೆರೆಸಿ ಹಂಚಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಊಟದ ಜೊತೆ ಚಿಟಿಕೆ ಚಿಟಿಕೆಯಾಗಿ ಮದ್ದು ಒಳಗೆ ಹೋದರೆ ಏನಾಗುತ್ತದೆ? ಬಲವಿಲ್ಲದ ಪರಾವಲಂಬಿ ಸಾಯುತ್ತದೆ. ತಡೆದುಕೊಂಡದ್ದು ಉಳಿದು ತನ್ನಂಥವನ್ನೇ ಹೆರುತ್ತದೆ. ಮದ್ದಿಗೆ ಬಗ್ಗದ ರೋಗ ಇಲ್ಲಿ ಹಾಗೆ ಇನ್ನಷ್ಟು ಗಟ್ಟಿಯಾಯಿತು ಅಂತ ಹಲವು ವಿಜ್ಞಾನಿಗಳು ನಂಬುತ್ತಾರೆ. ಏಷ್ಯಾದಲ್ಲಿ ಹುಟ್ಟಿದ ಆ ತಳಿ 1970ರ ದಶಕದ ಕೊನೆಗೆ ಪೂರ್ವ ಆಫ್ರಿಕಾ ಮುಟ್ಟಿತು. ಅಲ್ಲಿ ಎಷ್ಟು ಮಕ್ಕಳು ಹೋದರೋ!

ಪ್ನೋಮ್ ಯಾಟ್ ಗುಡ್ಡದ ಕೆಳಗಿನ ಊಟದ ಅಂಗಡಿಯಲ್ಲಿ ಉಪ್ಪಿನ ಬಟ್ಟಲು ಮುಂದಿತ್ತು. ಚಿಟಿಕೆ ಉಪ್ಪು ನಾಲಿಗೆಗಿಟ್ಟೆ. ಬರೀ ಉಪ್ಪು. ಆಮೇಲೆ ಒಂದು ಗೊಂಚಲು ಲೊಂಗನ್ ಹಣ್ಣು ತಿಂದೆ. ಅಂಥ ಸಿಹಿ ನಾನೆಲ್ಲೂ ಕಂಡಿಲ್ಲ. ದುರಿಯನ್ ಮಾತ್ರ ಬೇಡವೇ ಬೇಡ.

ಸಂಜೆ ನಮ್ಮ ಚಾಲಕ ತನ್ನ ಹಳ್ಳಿಯ ಮಲೇರಿಯಾ ಕಾರ್ಯಕರ್ತೆಯ ಮನೆಗೆ ಕರೆದೊಯ್ದ. ಐವತ್ತರ ಹೆಂಗಸು. ಅಲ್ಲಿ ಹಿರಿಯರನ್ನು ಅಕ್ಕ, ಅಣ್ಣ ಅನ್ನುವ ಹಾಗೆ 'ಬಾಂಗ್' ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಮರದ ಪೆಟ್ಟಿಗೆಯಿಂದ ಬೆರಳು ಚುಚ್ಚುವ ಸೂಜಿ, ಬಿಳಿ ಪರೀಕ್ಷಾ ಪಟ್ಟಿ, ಮಾತ್ರೆಯ ಹಾಳೆ ತೆಗೆದು ಚಾಪೆ ಮೇಲೆ ಸಾಲಾಗಿ ಇಟ್ಟರು.

"ಮೊದಲೆಲ್ಲ ಎರಡು ದಿನಕ್ಕೆ ರಕ್ತ ಚೊಕ್ಕ ಆಗ್ತಿತ್ತು. ಆಮೇಲಾಮೇಲೆ ಮೂರು ದಿನವಾದರೂ ಹುಳ ಇರ್ತಿತ್ತು" ಅಂದರು. ಚಾಲಕ ಅದನ್ನು ಅನುವಾದಿಸಿ ಹೇಳಿದಾಗ ನನಗೆ ಮೈ ಜುಂ ಅಂದಿತು. 2009ರಲ್ಲಿ ಪ್ರಕಟವಾದ ಪೈಲಿನ್ ಅಧ್ಯಯನ ಹೇಳಿದ್ದೂ ಇದನ್ನೇ. ಆರ್ಟಿಸುನೇಟ್ ಅನ್ನುವ ಹೊಸ ಕಾಲದ ಮಲೇರಿಯಾ ಮದ್ದು ಕೊಟ್ಟ ಮೇಲೆ ರಕ್ತ ತಿಳಿಯಾಗಲು ಥಾಯ್ಲೆಂಡ್‌ನ ಪಶ್ಚಿಮ ಗಡಿಯಲ್ಲಿ 48 ಗಂಟೆ ಸಾಕಾದರೆ, ಇಲ್ಲಿ 84 ಗಂಟೆ. ಕ್ಲೋರೋಕ್ವಿನ್ ಸೋತ ನೆಲದಲ್ಲೇ ಕೊನೆಯ ಆಸರೆಯ ಮದ್ದೂ ಮಂದವಾಗಿತ್ತು.

"ಈಗ ಹೇಗೆ, ಬಾಂಗ್?"

"ಮದ್ದು ಬದಲಾಯಿಸಿದರು. ಜ್ವರದವರೂ ಕಮ್ಮಿ. ಆದರೂ ಮೂರು ದಿನವೂ ನನ್ನ ಕಣ್ಣೆದುರೇ ನುಂಗಿಸ್ತೀನಿ. ಕಾಡಿಗೆ ಹೋದವರನ್ನು ಬಿಡಲ್ಲ, ಹಿಂದೆಯೇ ಹೋಗ್ತೀನಿ."

ಆಮೇಲೆ ನನ್ನನ್ನು ಕೇಳಿದರು: "ನಿನಗೆ ಬಂದಾಗ ಮಾತ್ರೆ ಪೂರ್ತಿ ತಗೊಂಡೆಯಾ?"

ಪಿತ್ತಜನಕಾಂಗದಲ್ಲಿ ಅಡಗಿ ಕೂರುವ ವೈವಾಕ್ಸ್ ಕೊಲ್ಲಲು 14 ದಿನದ ಪ್ರಿಮಾಕ್ವಿನ್ ಮಾತ್ರೆ ಕೊಟ್ಟಿದ್ದರು. ಜ್ವರ ಬಿಟ್ಟಿತು ಅಂತ ಐದನೇ ದಿನಕ್ಕೆ ನಿಲ್ಲಿಸಿದ್ದೆ. ಎರಡನೇ ಸಲ ಜ್ವರ ಬಂದಿದ್ದು ಅದಾದ ಕೆಲವು ತಿಂಗಳಿಗೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಮಾತ್ರೆಯ ಹಾಳೆ ನನ್ನ ಕೈಗಿಟ್ಟು, ಒಂದೊಂದು ಗುಳ್ಳೆಯ ಮೇಲೂ ಬೆರಳು ಇಡುತ್ತಾ ಖ್ಮೇರ್‌ನಲ್ಲಿ ನಿಧಾನಕ್ಕೆ ಎಣಿಸಿದರು. ಚಾಲಕ ಅದನ್ನು ಅನುವಾದಿಸಲಿಲ್ಲ.