ಅಪ್‌ಡೇಟ್ ಒತ್ತುವ ಮುಂಚೆ ಕಾರಿನ ಲೆಕ್ಕ ಬರೆದಿಡಿ

ಎಲೆಕ್ಟ್ರಿಕ್ ಕಾರಿನ ಪರದೆಯಲ್ಲಿ “ಹೊಸ ಸಾಫ್ಟ್‌ವೇರ್ ಸಿದ್ಧವಿದೆ” ಅಂತ ಬಂದರೆ ಹೆಚ್ಚಿನವರು ಫೋನಿನಲ್ಲಿ ಒತ್ತಿದ ಹಾಗೆ ಒತ್ತಿಬಿಡುತ್ತಾರೆ. ಮಾರನೇ ದಿನ ಪೂರ್ತಿ ಚಾರ್ಜ್ ಆದಾಗ 410 ಕಿ.ಮೀ. ತೋರಿಸುತ್ತಿದ್ದ ಜಾಗದಲ್ಲಿ 385 ಕಂಡರೆ ಗಾಬರಿ ಶುರು. ಸರ್ವಿಸ್ ಸೆಂಟರಿನಲ್ಲಿ ಕೇಳುವ ಮೊದಲ ಪ್ರಶ್ನೆ “ಮುಂಚೆ ಎಷ್ಟಿತ್ತು?” ಎಂಬುದು. “ಜಾಸ್ತಿ ಇತ್ತು” ಅಂದರೆ ಅದು ಉತ್ತರವಾಗುವುದಿಲ್ಲ, ಮಾತು ಅಲ್ಲಿಗೇ ನಿಲ್ಲುತ್ತದೆ.

ಫೋನಿನಲ್ಲಿ ಅಪ್‌ಡೇಟ್ ಆದರೆ ಬದಲಾಗುವುದು ಹೆಚ್ಚಾಗಿ ಪರದೆಯ ರೂಪ. ಕಾರಿನಲ್ಲಿ ಬ್ರೇಕು ಹಿಡಿಯುವ ರೀತಿ ಬದಲಾಗಬಹುದು, ಬ್ಯಾಟರಿ ತುಂಬುವ ಮಿತಿ ಬದಲಾಗಬಹುದು. 2018ರಲ್ಲಿ ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಟೆಸ್ಲಾ ಮಾಡೆಲ್ 3 ಕಾರನ್ನು ಪರೀಕ್ಷಿಸಿದಾಗ, ಗಂಟೆಗೆ 60 ಮೈಲಿ ವೇಗದಿಂದ ನಿಲ್ಲಲು ಅದಕ್ಕೆ 152 ಅಡಿ ಬೇಕಾಯಿತು. ಕೆಲವೇ ದಿನಗಳಲ್ಲಿ ಕಂಪನಿ ಗಾಳಿಯಲ್ಲೇ, ಅಂದರೆ ಇಂಟರ್‌ನೆಟ್ ಮೂಲಕವೇ, ಒಂದು ಅಪ್‌ಡೇಟ್ ಕಳಿಸಿತು. ಅದೇ ಕಾರು 133 ಅಡಿಯಲ್ಲಿ ನಿಂತಿತು. ಯಾರೂ ಪಾನಾ ಹಿಡಿಯಲಿಲ್ಲ. ಮರುವರ್ಷ, 2019ರಲ್ಲಿ, ಅದೇ ಕಂಪನಿಯ ಹಳೆಯ ಮಾಡೆಲ್ ಎಸ್ ಕಾರುಗಳಿಗೆ ಬಂದ ಅಪ್‌ಡೇಟ್ ಬ್ಯಾಟರಿಯ ಗರಿಷ್ಠ ವೋಲ್ಟೇಜನ್ನು ಇಳಿಸಿತು. ಕೆಲವು ಕಾರುಗಳಿಗೆ ಬೆಂಕಿ ಬಿದ್ದ ಮೇಲೆ ತೆಗೆದುಕೊಂಡ ಮುನ್ನೆಚ್ಚರಿಕೆ ಅದು. ಮಾಲೀಕರ ಕಣ್ಣಿಗೆ ಬಿದ್ದದ್ದು ಮಾತ್ರ ರೇಂಜ್ (ಒಂದು ಚಾರ್ಜಿನಲ್ಲಿ ಓಡುವ ದೂರ) ಕುಸಿತ. ಮೊಕದ್ದಮೆ ನಡೆದು 2021ರಲ್ಲಿ 1,743 ಕಾರುಗಳ ಮಾಲೀಕರಿಗಾಗಿ 15 ಲಕ್ಷ ಡಾಲರಿನ ರಾಜಿಯಾಯಿತು, ಬಹುಪಾಲು ಮಾಲೀಕರಿಗೆ ತಲಾ 625 ಡಾಲರ್.

ಎರಡೂ ಅಪ್‌ಡೇಟೇ. ಒಂದು ಕೊಟ್ಟಿತು, ಇನ್ನೊಂದು ಕಿತ್ತುಕೊಂಡಿತು. ಬದಲಾವಣೆ ಅಳೆಯಲು ನಿಮ್ಮ ಹತ್ತಿರ ಹಳೆಯ ಅಂಕಿ ಇರಬೇಕು, ಅದಕ್ಕೆ ಬೇರೆ ದಾರಿಯಿಲ್ಲ.

ಪರದೆ ತೋರಿಸುವ ಕಿ.ಮೀ. ಅಂಕಿ ಇದಕ್ಕೆ ಸಾಕ್ಷಿಯಾಗದು. ಅದು ಇತ್ತೀಚಿನ ಓಡಾಟ, ಹೊರಗಿನ ತಾಪಮಾನ, ಏಸಿ ಬಳಕೆ ನೋಡಿ ಕಾರು ಹಾಕುವ ಅಂದಾಜು. ಅಪ್‌ಡೇಟ್ ಆದಮೇಲೆ ಕೆಲವು ಕಾರುಗಳು ಈ ಹಳೆಯ ಓಡಾಟದ ನೆನಪನ್ನೇ ಅಳಿಸಿ ಹೊಸದಾಗಿ ಶುರು ಮಾಡುತ್ತವೆ. ಆಗ ಅಂಕಿ ಇಳಿದರೂ ಬ್ಯಾಟರಿ ಇದ್ದ ಹಾಗೇ ಇರುತ್ತದೆ. ನಿಜ ತಿಳಿಯಬೇಕಾದರೆ ಎಷ್ಟು ಯೂನಿಟ್ ಒಳಗೆ ಹೋಯಿತು ಅಂತ ನೋಡಬೇಕು.

ಅದಕ್ಕೆ ಸುಲಭವಾದ ವಿಧಾನವಿದೆ. ಕಾರನ್ನು 20 ಶೇಕಡಾಕ್ಕೆ ಇಳಿಸಿ, ಒಂದು ಗಂಟೆ ಸುಮ್ಮನೆ ನಿಲ್ಲಿಸಿ, ಆಮೇಲೆ ಎಸಿ ಚಾರ್ಜರಿನಲ್ಲಿ (ಮನೆಯ ಕರೆಂಟಿನಂಥ ಎಸಿ ಕರೆಂಟು ಕೊಡುವ ನಿಧಾನದ ಚಾರ್ಜರ್) 80ರವರೆಗೆ ತುಂಬಿಸಿ. ಚಾರ್ಜರಿನ ಮೀಟರ್ ಎಷ್ಟು ಯೂನಿಟ್ ತೋರಿಸಿತು ಅಂತ ಬರೆದಿಡಿ. 40 ಯೂನಿಟ್ ಅಂದುಕೊಳ್ಳೋಣ. ಎಸಿ ಕರೆಂಟನ್ನು ಡಿಸಿ ಮಾಡುವಲ್ಲಿ, ತಂಪು ಮಾಡುವಲ್ಲಿ ಸುಮಾರು ಹತ್ತು ಶೇಕಡಾ ಪೋಲಾಗುತ್ತದೆ ಅಂತ ಹಿಡಿದರೆ ಬ್ಯಾಟರಿಗೆ ಸೇರಿದ್ದು 36. ಅದು 60 ಶೇಕಡಾ ಆದ್ದರಿಂದ ಪೂರ್ತಿ ಬ್ಯಾಟರಿ 60 ಯೂನಿಟ್. ಅಪ್‌ಡೇಟ್ ಆದಮೇಲೆ ಅದೇ ಚಾರ್ಜರ್, ಸುಮಾರು ಅದೇ ಹವೆ, ಅದೇ 20ರಿಂದ 80. ಈ ಸಲ ಮೀಟರ್ 36 ಮಾತ್ರ ತೋರಿಸಿದರೆ ಒಳಗೆ ಸೇರಿದ್ದು 32.4, ಪೂರ್ತಿ ಲೆಕ್ಕಕ್ಕೆ 54. ಅಂದರೆ “100” ಅಂತ ಕಾರು ಕರೆಯುವ ಮಟ್ಟವೇ ಹತ್ತು ಶೇಕಡಾ ಕೆಳಗೆ ಬಂದಿದೆ. ಮೀಟರ್ ಮತ್ತೆ 40ರ ಆಸುಪಾಸಿನಲ್ಲಿದ್ದು ಕಿ.ಮೀ. ಮಾತ್ರ ಕಡಿಮೆ ಕಂಡರೆ ಬದಲಾದದ್ದು ಅಂದಾಜಿನ ಸೂತ್ರ, ಎರಡು ಮೂರು ವಾರ ಓಡಿಸಿ ನೋಡಿ. ಪೋಲಿನ ಪ್ರಮಾಣ ಸರಿಯಾಗಿ ಹತ್ತೇ ಇರಬೇಕೆಂದಿಲ್ಲ. ಎರಡೂ ಸಲ ಒಂದೇ ಚಾರ್ಜರ್ ಬಳಸಿದರೆ ಆ ತಪ್ಪು ಎರಡೂ ಕಡೆ ಸಮನಾಗಿ ಬಂದು ಹೋಲಿಕೆ ಕೆಡುವುದಿಲ್ಲ. ಒಂದೆರಡು ಶೇಕಡಾ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ ಇದ್ದವರಿಗೆ ಇನ್ನೊಂದು ಹೆಜ್ಜೆಯಿದೆ. ಈ ಸೆಲ್ಲುಗಳ ವೋಲ್ಟೇಜ್ ಮಧ್ಯದ ಬಹುಭಾಗ 3.2ರಿಂದ 3.3ರ ಸುತ್ತಲೇ ಮಟ್ಟಸವಾಗಿ ನಿಲ್ಲುತ್ತದೆ. ವೋಲ್ಟೇಜ್ ನೋಡಿ 40 ಶೇಕಡಾ ಇದೆಯೋ 60 ಇದೆಯೋ ಹೇಳುವುದು ಬ್ಯಾಟರಿಯನ್ನು ನೋಡಿಕೊಳ್ಳುವ ಕಂಪ್ಯೂಟರ್ ಆದ ಬಿಎಂಎಸ್‌ಗೆ ಕಷ್ಟ. ಹಾಗಾಗಿ ಅದು ಒಳಗೆ ಬಂದ, ಹೊರಗೆ ಹೋದ ಕರೆಂಟನ್ನು ಕೂಡಿಸಿ ಕಳೆದು ಲೆಕ್ಕ ಇಡುತ್ತದೆ, ತಪ್ಪು ದಿನೇ ದಿನೇ ಬೆಳೆಯುತ್ತದೆ. 100ರ ತುದಿಯಲ್ಲಿ ವೋಲ್ಟೇಜ್ ಚೂಪಾಗಿ ಏರಿದಾಗ ಮಾತ್ರ ಲೆಕ್ಕ ಸರಿಹೋಗುತ್ತದೆ. ಅದಕ್ಕೇ ಈ ಬ್ಯಾಟರಿಗಳನ್ನು ಆಗಾಗ ಪೂರ್ತಿ ತುಂಬಿಸಿ ಅಂತ ಕಂಪನಿಗಳು ಹೇಳುವುದು. ಮೇಲಿನ ಪರೀಕ್ಷೆಗೆ ಮುಂಚೆ ಒಮ್ಮೆ 100 ತುಂಬಿಸಿ, ಚಾರ್ಜಿಂಗ್ ತಾನಾಗಿ ನಿಂತಮೇಲೂ ಒಂದೆರಡು ಗಂಟೆ ವೈರು ಹಾಗೇ ಬಿಡಿ. ಅಪ್‌ಡೇಟ್ ಆದಮೇಲೂ ಹಾಗೇ ಮಾಡಿ. ಇದನ್ನು ಬಿಟ್ಟು ಅಳೆದವರ ದೂರುಗಳಲ್ಲಿ ಎಷ್ಟೋ ತಪ್ಪು ದೂರುಗಳು.

ಇನ್ನೊಂದು ಲೆಕ್ಕ ಡಿಸಿ ಚಾರ್ಜಿಂಗ್, ಅಂದರೆ ಫಾಸ್ಟ್ ಚಾರ್ಜಿಂಗ್, ವೇಗದ್ದು. 10, 20, 30 ಹೀಗೆ 80ರವರೆಗೆ ಪ್ರತಿ ಹತ್ತಕ್ಕೆ ಪರದೆಯಲ್ಲಿ ಎಷ್ಟು ಕಿಲೋವ್ಯಾಟ್ ಇತ್ತು ಅಂತ ಒಂದು ಸಲ ಗುರುತು ಮಾಡಿಟ್ಟರೆ ಸಾಕು. ಹೋಲಿಸುವಾಗ ಬ್ಯಾಟರಿಯ ಬಿಸಿ ಒಂದೇ ಇರಲಿ. ತಣ್ಣಗಿರುವ ಬ್ಯಾಟರಿ ಯಾವ ಆವೃತ್ತಿಯಲ್ಲೂ ನಿಧಾನ.

ಈಗ ಅಪ್‌ಡೇಟ್ ಹಾಕುವ ಕೆಲಸಕ್ಕೆ ಬರೋಣ. ಕಾರಿನಲ್ಲಿ ಒಂದೇ ಕಂಪ್ಯೂಟರ್ ಇರುವುದಿಲ್ಲ. ಪರದೆ, ಮ್ಯಾಪು, ಹಾಡು ನೋಡಿಕೊಳ್ಳುವುದು ಒಂದು. ಬ್ಯಾಟರಿ, ಮೋಟರಿಗೆ ಕರೆಂಟು ಕೊಡುವ ಇನ್ವರ್ಟರ್, ಆನ್‌ಬೋರ್ಡ್ ಚಾರ್ಜರ್, ಬ್ರೇಕು, ಸ್ಟೀರಿಂಗು ಒಂದೊಂದಕ್ಕೂ ಬೇರೆ ಬೇರೆ ಇಸಿಯು, ಅಂದರೆ ಆ ಭಾಗವನ್ನು ನಡೆಸುವ ಸಣ್ಣ ಕಂಪ್ಯೂಟರ್. ಪರದೆಯ ಕಂಪ್ಯೂಟರಿಗೆ ಅಪ್‌ಡೇಟ್ ಬೇಗ ಆಗುತ್ತದೆ, ಏಕೆಂದರೆ ಅನೇಕ ಕಾರುಗಳಲ್ಲಿ ಅದಕ್ಕೆ ಎರಡು ಖಾನೆಗಳಿರುತ್ತವೆ. ಹಳೆಯದು ಓಡುತ್ತಿರುವಾಗಲೇ ಹೊಸದು ಇನ್ನೊಂದು ಖಾನೆಗೆ ಇಳಿಯುತ್ತದೆ. ಉಳಿದ ಇಸಿಯುಗಳ ಕಥೆ ಬೇರೆ. ಅವಕ್ಕೆ ಮಾಹಿತಿ ಹೋಗುವುದು ಕ್ಯಾನ್ ಎಂಬ ಹಳೆಯ ತಂತಿಜಾಲದ ಮೂಲಕ, ಸಾಮಾನ್ಯವಾಗಿ ಸೆಕೆಂಡಿಗೆ 500 ಕಿಲೋಬಿಟ್. ಒಂದೊಂದು ಪೊಟ್ಟಣದಲ್ಲಿ ನಿಜವಾದ ಸರಕು ಏಳು ಬೈಟ್ ಮಾತ್ರ, ಉಳಿದದ್ದು ವಿಳಾಸ ಮತ್ತು ತಪಾಸಣೆ. ಲೆಕ್ಕ ಹಾಕಿದರೆ ಸೆಕೆಂಡಿಗೆ 28 ಕಿಲೋಬೈಟ್‌ನಷ್ಟು. 4 ಮೆಗಾಬೈಟಿನ ಒಂದು ಇಸಿಯು ತುಂಬಲು ಎರಡೂವರೆ ನಿಮಿಷ, ಹಳೆಯದನ್ನು ಅಳಿಸಿ, ಬರೆದು, ಸರಿಯಾಗಿದೆಯೇ ಅಂತ ನೋಡುವುದಕ್ಕೆ ಇನ್ನಷ್ಟು. ಇಂಥವು ಹತ್ತು ಹದಿನೈದು ಆದರೆ ಒಂದು ಗಂಟೆ ಹಿಡಿಯುವುದು ಸಹಜ. ಎಷ್ಟು ಮುಗಿಯಿತು ಅಂತ ತೋರಿಸುವ ಪಟ್ಟಿ 70ರಲ್ಲೇ ನಿಂತಿದೆ ಅಂತ ಕಾರನ್ನು ಎಬ್ಬಿಸಲು ಹೋಗಬೇಡಿ.

ಆ ಒಂದು ಗಂಟೆ ಕಾರು ಯಾವುದರ ಮೇಲೆ ಬದುಕಿರುತ್ತದೆ ಅನ್ನುವುದು ಇಲ್ಲಿನ ದೊಡ್ಡ ವಿಷಯ. ದೊಡ್ಡ ಬ್ಯಾಟರಿ 80 ಶೇಕಡಾ ಇದೆ, ಭಯವಿಲ್ಲ ಅಂದುಕೊಳ್ಳುತ್ತಾರೆ. ಬಿಎಂಎಸ್ ಮತ್ತು ಇನ್ವರ್ಟರಿಗೆ ಹೊಸ ಸಾಫ್ಟ್‌ವೇರ್ ಬರೆಯುವಾಗ ಅನೇಕ ಕಾರುಗಳಲ್ಲಿ ದೊಡ್ಡ ಬ್ಯಾಟರಿಯ ಕಾಂಟ್ಯಾಕ್ಟರುಗಳು (ಅದನ್ನು ಕಾರಿಗೆ ಜೋಡಿಸುವ ದೊಡ್ಡ ಸ್ವಿಚ್ಚುಗಳು) ತೆರೆದುಕೊಂಡು ಸಂಪರ್ಕ ಕಡಿದಿರುತ್ತದೆ. ಆಗ ಇಸಿಯುಗಳಿಗೆ ಕರೆಂಟು ಕೊಡುವ ಸಣ್ಣ 12 ವೋಲ್ಟ್ ಬ್ಯಾಟರಿಗೆ ಮರುಪೂರಣ ಇಲ್ಲ, ಎಚ್ಚರವಾಗಿರುವ ಇಸಿಯುಗಳೆಲ್ಲ ಅದನ್ನೇ ಹೀರುತ್ತವೆ. 20 ಆಂಪಿಯರಿನಂತೆ 45 ನಿಮಿಷ ಹೀರಿದರೆ 15 ಆಂಪಿಯರ್ ಅವರ್ ಖಾಲಿ. 45 ಆಂಪಿಯರ್ ಅವರ್‌ನ ಹೊಸ ಬ್ಯಾಟರಿಗೆ ಅದು ಮೂರರಲ್ಲಿ ಒಂದು ಭಾಗ. ನಾಲ್ಕು ವರ್ಷದ ಸುಸ್ತಾದ ಬ್ಯಾಟರಿಗೆ ಅದೇ ಕೊನೆಯುಸಿರು. ವೋಲ್ಟೇಜ್ ಕುಸಿದು ಬರವಣಿಗೆ ನಡುವೆ ನಿಂತರೆ ಆ ಇಸಿಯುನಲ್ಲಿ ಹಳೆಯದೂ ಇಲ್ಲ, ಹೊಸದೂ ಪೂರ್ತಿ ಇಲ್ಲ. ಗಾಡಿ ಎಳೆದುಕೊಂಡು ಹೋಗಬೇಕಾಗುತ್ತದೆ. ವರ್ಕ್‌ಶಾಪಿನವರು ಈ ಕೆಲಸಕ್ಕೆ ಕೂರುವ ಮುಂಚೆ 12 ವೋಲ್ಟ್ ಬ್ಯಾಟರಿಗೆ ಹೊರಗಿನ ಪವರ್ ಸಪ್ಲೈ ಕಟ್ಟುವುದು ಇದಕ್ಕೇ.

ಮಲ್ಟಿಮೀಟರ್ ಇದ್ದರೆ ಕಾರನ್ನು ಲಾಕ್ ಮಾಡಿ ಕೆಲವು ಗಂಟೆ ಬಿಟ್ಟು ಅಳೆಯಿರಿ. ಬಾನೆಟ್ ತೆಗೆದ ತಕ್ಷಣ ಕಾರು ಎಚ್ಚರವಾದರೆ ಅಂಕಿ ಮೋಸ ಮಾಡುತ್ತದೆ, ಆದ್ದರಿಂದ ಬಾನೆಟ್ ಮೊದಲೇ ತೆಗೆದಿಟ್ಟುಕೊಳ್ಳಿ. ಲೆಡ್ ಆಸಿಡ್ ಬ್ಯಾಟರಿಯಾದರೆ 12.6 ವೋಲ್ಟ್ ಚೆನ್ನಾಗಿದೆ ಅಂತ, 12.2 ಅರ್ಧ, 12ಕ್ಕಿಂತ ಕೆಳಗಿದ್ದರೆ ಅಪ್‌ಡೇಟ್ ಬೇಡ, ಮೊದಲು ಬ್ಯಾಟರಿ ನೋಡಿಸಿ. ಲಿಥಿಯಂ 12 ವೋಲ್ಟ್ ಬ್ಯಾಟರಿಗೆ ಈ ಅಂಕಿಗಳು ಹೊಂದುವುದಿಲ್ಲ.

ಉಳಿದದ್ದು ಬೇಗ ಹೇಳಿಬಿಡಬಹುದು. ದೊಡ್ಡ ಬ್ಯಾಟರಿ ಅರ್ಧಕ್ಕಿಂತ ಮೇಲಿರಲಿ. ಚಾರ್ಜಿಂಗ್ ವೈರನ್ನು ತೆಗೆಯಬೇಕೋ ಬಿಡಬೇಕೋ ಅನ್ನುವುದನ್ನು ಪರದೆಯ ಸೂಚನೆ ನೋಡಿಯೇ ಮಾಡಿ, ಕಾರಿನಿಂದ ಕಾರಿಗೆ ಅದು ಬೇರೆ. ಡೌನ್‌ಲೋಡ್ ವೈಫೈನಲ್ಲಿ ಮುಗಿಯಲಿ, ಬೇಸ್‌ಮೆಂಟಿನ ಅರೆಬರೆ ಸಿಗ್ನಲ್ಲಿನಲ್ಲಿ ಅಲ್ಲ. ಒಳಗೆ ಯಾರೂ ಕೂರಬಾರದು, ಬಾಗಿಲು ತೆಗೆಯಬಾರದು. ಮುಂದಿನ ಮೂರು ನಾಲ್ಕು ಗಂಟೆ ಕಾರು ಬೇಕಾಗಬಹುದು ಅನ್ನಿಸಿದರೆ ಇನ್ನೊಂದು ದಿನ ಹಾಕಿ.

ಬಂದ ದಿನವೇ ಹಾಕಬೇಕೆ? ಸುರಕ್ಷತೆಯ ರೀಕಾಲ್ ಆದರೆ ತಡ ಮಾಡಬೇಡಿ. ಬರೀ ಹೊಸ ಸೌಲಭ್ಯವಾದರೆ ಒಂದೆರಡು ವಾರ ತಡೆಯುವುದು ಒಳ್ಳೆಯದು. 2023ರ ನವೆಂಬರಿನಲ್ಲಿ ಅಮೆರಿಕದ ಎಲೆಕ್ಟ್ರಿಕ್ ಗಾಡಿ ಕಂಪನಿ ರಿವಿಯನ್ ಕಳಿಸಿದ ಅಪ್‌ಡೇಟಿನಲ್ಲಿ ತಪ್ಪು ಭದ್ರತಾ ಪ್ರಮಾಣಪತ್ರ ಇದ್ದ ಬಿಲ್ಡ್ ಹೊರಟುಹೋಗಿತ್ತು. ಗಾಡಿಗಳು ಓಡುತ್ತಿದ್ದವು, ಇನ್ಫೋಟೈನ್‌ಮೆಂಟ್ ಮಾತ್ರ ಸತ್ತುಹೋಯಿತು. ಕಂತು ಕಂತಾಗಿ ಕಳಿಸುತ್ತಿದ್ದರಿಂದ ಸುಮಾರು 3 ಶೇಕಡಾ ಗಾಡಿಗಳಿಗೆ ತಲುಪುವಷ್ಟರಲ್ಲಿ ನಿಲ್ಲಿಸಿದರು. ಒಮ್ಮೆ ಹಾಕಿದಮೇಲೆ ಹಳೆಯ ಆವೃತ್ತಿಗೆ ಮರಳುವ ಬಟನ್ ಮಾಲೀಕರಿಗೆ ಸಾಮಾನ್ಯವಾಗಿ ಇರುವುದಿಲ್ಲ. ಹಳೆಯದರಲ್ಲಿ ಭದ್ರತೆಯ ತೂತುಗಳಿರಬಹುದು ಎಂದು ಆ ದಾರಿ ಮುಚ್ಚಿರುತ್ತಾರೆ.

ಅಪ್‌ಡೇಟ್ ಮುಗಿದ ಮೇಲೆ ಮೊದಲು ಚಾರ್ಜ್ ಮಿತಿ ಮತ್ತು ಚಾರ್ಜಿಂಗ್ ವೇಳಾಪಟ್ಟಿ ನೋಡಿ, 80 ಇಟ್ಟಿದ್ದು 100ಕ್ಕೆ ಜಾರಿರುವುದುಂಟು. ರೀಜನ್ (ಪೆಡಲ್ ಬಿಟ್ಟಾಗ ಮೋಟರೇ ಕಾರನ್ನು ತಡೆದು ಬ್ಯಾಟರಿ ತುಂಬುವುದು) ಮಟ್ಟ ನೋಡಿ. ಪೆಡಲ್ ಬಿಟ್ಟರೆ ತಾನೇ ನಿಲ್ಲುತ್ತಿದ್ದ ಕಾರು ಈಗ ತೇಲಿಕೊಂಡು ಮುಂದೆ ಹೋದರೆ ಅಪಾಯ, ಖಾಲಿ ಜಾಗದಲ್ಲಿ ನಿಧಾನವಾಗಿ ಒಮ್ಮೆ ಪರೀಕ್ಷಿಸಿ. ಆ ವಾರದಲ್ಲೇ ಎರಡು ಬೇರೆ ಬೇರೆ ತಯಾರಿಕೆಯ ಚಾರ್ಜರುಗಳಲ್ಲಿ ಒಂದೊಂದು ಸಲ ಡಿಸಿ ಚಾರ್ಜಿಂಗ್ ಮಾಡಿ. ಫಾಸ್ಟ್ ಚಾರ್ಜರಿನ ಸಿಸಿಎಸ್ ಪ್ಲಗ್ ಸಿಕ್ಕಿಸಿದಾಗ ಕಾರು ಮತ್ತು ಚಾರ್ಜರ್ ಅದರಲ್ಲಿರುವ ಕಂಟ್ರೋಲ್ ಪೈಲಟ್ ಎಂಬ ಸಂಕೇತದ ತಂತಿಯ ಮೇಲೆ ಮಾತಾಡಿಕೊಳ್ಳುತ್ತವೆ. ಉತ್ತರ ಬರುವ ಸಮಯದಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಒಂದು ಚಾರ್ಜರ್ ಒಪ್ಪುತ್ತದೆ, ಇನ್ನೊಂದು “ದೋಷ” ಅಂತ ಬಿಟ್ಟುಬಿಡುತ್ತದೆ. ದೂರದ ಪ್ರಯಾಣದಲ್ಲಿ 8 ಶೇಕಡಾ ಉಳಿದಾಗ ಇದು ಗೊತ್ತಾಗಬಾರದು.

ಮಾಲೀಕರು ಏನನ್ನು ನಿರೀಕ್ಷಿಸುವುದು ನ್ಯಾಯ? ದೋಷ ಇದ್ದರೆ ಸರಿಪಡಿಸುವುದು, ಭದ್ರತೆಯ ಅಪ್‌ಡೇಟ್ ವರ್ಷಗಟ್ಟಲೆ ಕೊಡುವುದು, ಏನು ಬದಲಾಯಿಸಿದ್ದೇವೆ ಅಂತ ಬಿಚ್ಚಿ ಹೇಳುವುದು. “ಸಣ್ಣಪುಟ್ಟ ಸುಧಾರಣೆಗಳು” ಎಂಬ ಒಂದು ಸಾಲಿನ ಟಿಪ್ಪಣಿ ಹಾಕಿ ಬ್ಯಾಟರಿಯ ಮಿತಿ ಇಳಿಸುವುದು ತಪ್ಪು, ಸುರಕ್ಷತೆಗೇ ಆದರೂ ತಪ್ಪು. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ಆರ್156 ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅಪ್‌ಡೇಟಿನ ಉದ್ದೇಶ, ಬದಲಾಗುವ ಸಂಗತಿ, ಹಿಡಿಯುವ ಸಮಯ, ಆಗ ಕೆಲಸ ಮಾಡದ ಭಾಗಗಳು ಇವನ್ನು ಮಾಲೀಕರಿಗೆ ಮುಂಚೆಯೇ ತಿಳಿಸಬೇಕು. ವಿಫಲವಾದರೆ ಹಳೆಯದಕ್ಕೆ ಮರಳಬೇಕು, ಇಲ್ಲವೇ ಗಾಡಿ ಸುರಕ್ಷಿತ ಸ್ಥಿತಿಯಲ್ಲಿ ನಿಲ್ಲಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2024ರ ಜುಲೈನಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಇದು ಕಡ್ಡಾಯ.

ಸಾಫ್ಟ್‌ವೇರಿನಿಂದ ಆಗದ ಕೆಲಸವೂ ಇದೆ. ಕೆಟ್ಟ ಸೆಲ್ಲನ್ನು ಅದು ಕಾಯಬಲ್ಲದು, ರಿಪೇರಿ ಮಾಡಲಾರದು. 2020ರಲ್ಲಿ ಶೆವರ್ಲೆ ಬೋಲ್ಟ್ ಕಾರುಗಳ ಚಾರ್ಜನ್ನು 90 ಶೇಕಡಾಕ್ಕೆ ಮಿತಿಗೊಳಿಸುವ ಸಾಫ್ಟ್‌ವೇರ್ ಬಂತು, ಹ್ಯುಂಡೈ ಕೋನಾಗೆ ಬಿಎಂಎಸ್ ಅಪ್‌ಡೇಟ್ ಬಂತು. 2021ರಲ್ಲಿ ಎರಡಕ್ಕೂ ಬ್ಯಾಟರಿಯನ್ನೇ ಬದಲಾಯಿಸುವ ತೀರ್ಮಾನಕ್ಕೆ ಬರಬೇಕಾಯಿತು. ಹಾಗೆಯೇ “ಈ ಸೌಲಭ್ಯ ಆಮೇಲೆ ಅಪ್‌ಡೇಟಿನಲ್ಲಿ ಬರುತ್ತೆ” ಎಂಬ ಮಾತಿಗೆ ದುಡ್ಡು ಕೊಡಬೇಡಿ. 2020ರ ಮೊದಲ ಫೋಕ್ಸ್‌ವ್ಯಾಗನ್ ಐಡಿ.3 ಕಾರುಗಳು ಕೆಲವು ಸೌಲಭ್ಯ ಬಾಕಿ ಇಟ್ಟುಕೊಂಡೇ ಮಾರಾಟವಾದವು, ಅವನ್ನು ಹಾಕಿಸಲು ವರ್ಕ್‌ಶಾಪಿಗೆ ಹೋಗಬೇಕಾಯಿತು. ಕೊಳ್ಳುವಾಗ ಒಂದು ಪ್ರಶ್ನೆ ಬರಹದಲ್ಲಿ ಕೇಳಿ: ಬಿಎಂಎಸ್ ಅಪ್‌ಡೇಟ್ ಗಾಳಿಯಲ್ಲೇ ಬರುತ್ತದೆಯೋ, ಗಾಡಿ ತರಬೇಕೋ? “ಒಟಿಎ (ಗಾಳಿಯಲ್ಲಿ ಬರುವ ಅಪ್‌ಡೇಟ್) ಇದೆ” ಎಂಬ ಬ್ರೋಷರಿನ ಮಾತು ಬರೀ ಪರದೆಗೆ ಸೀಮಿತವಾಗಿರಬಹುದು.

ದೂರು ಕೊಡುವುದಾದರೆ ಹಳೆಯ ಮತ್ತು ಹೊಸ ಆವೃತ್ತಿಯ ಸಂಖ್ಯೆ, ಹಾಕಿದ ದಿನಾಂಕ, ಓಡೋಮೀಟರ್, 20ರಿಂದ 80ರ ಎರಡೂ ಸಲದ ಯೂನಿಟ್, ಆಗಿನ ತಾಪಮಾನ ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು, ಫೋಟೋ ಜೊತೆಗಿಟ್ಟು ಕೊಡಿ. ವರ್ಕ್‌ಶಾಪಿನಲ್ಲಿ ಅಪ್‌ಡೇಟ್ ಹಾಕಿದರೆ ಜಾಬ್ ಕಾರ್ಡಿನಲ್ಲಿ ಇಸಿಯುವಾರು ಹಳೆಯ-ಹೊಸ ಆವೃತ್ತಿ ನಮೂದಿಸಲು ಹೇಳಿ. ಡಯಾಗ್ನೋಸ್ಟಿಕ್ ಯಂತ್ರದಲ್ಲಿ ಆ ಪಟ್ಟಿ ಸಿಗುತ್ತದೆ, ಪ್ರಿಂಟ್ ಕೇಳಿದರೆ ಕೊಡಲು ಐದು ನಿಮಿಷ ಸಾಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಹಾಳೆಯನ್ನು ಮಾರುವವರಿಂದ ಕೇಳಿ ಪಡೆಯಿರಿ. ಜೊತೆಗೆ ಯಾವ ಸೌಲಭ್ಯ ಕಾರಿಗೆ ಸೇರಿದ್ದು, ಯಾವುದು ಹಳೆಯ ಮಾಲೀಕರ ಖಾತೆಗೆ ಸೇರಿದ ಚಂದಾ ಅಂತ ಕೇಳಿ. ಹಣ ಕೊಡುವ ಮುಂಚೆ, ನಿಮ್ಮೆದುರೇ, ಹಳೆಯವರ ಖಾತೆ ತೆಗೆಸಿ, ಫೋನ್ ಕೀ ಅಳಿಸಿ, ಕಾರನ್ನು ಫ್ಯಾಕ್ಟರಿ ರೀಸೆಟ್ ಮಾಡಿಸಿ, ನಿಮ್ಮ ಖಾತೆಯಲ್ಲಿ ಲಾಗಿನ್ ಆಗಿ, ಸೌಲಭ್ಯಗಳು ಇನ್ನೂ ಇವೆಯೇ ಅಂತ ಒಂದೊಂದಾಗಿ ತೆರೆದು ನೋಡಿ.