ಉರಿ ಹತ್ತದ ಕಾಲು

ಒಡೆದ ಹಿಮ್ಮಡಿ ಇಟ್ಟುಕೊಂಡು ಬ್ಯಾಡಗಿ ಮೆಣಸಿನಕಾಯಿ ರಾಶಿ ಮೇಲೆ ಬರಿಗಾಲಲ್ಲಿ ಓಡಾಡಿದರೂ ಉರಿ ಹತ್ತಲಿಲ್ಲ ಅಂದರೆ ಯಾರಿಗಾದರೂ ಅನುಮಾನ ಬರಬೇಕಿತ್ತು. ನಮ್ಮ ಕಾಕಾ ಮಾತ್ರ "ರೂಢಿ ಆಗೇತಿ ಬಿಡೋ" ಅಂತ ನಕ್ಕಿದ್ದರು. ಮಾರ್ಕೆಟ್‌ನಲ್ಲಿ ಹಮಾಲಿ ಕೆಲಸ, ಹತ್ತು ವರ್ಷದಿಂದ ಶುಗರ್. ರೂಢಿ ಅಲ್ಲ ಅದು, ಶುಗರ್‌ನಿಂದ ಕಾಲಿನ ನರ ಸ್ಪರ್ಶ ಕಳೆದುಕೊಂಡಿತ್ತು. ಹೆಬ್ಬೆರಳ ಬುಡದಲ್ಲಿ ಹುಣ್ಣಾಗಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಚಪ್ಪಲಿ ಬಿಟ್ಟಾಗ ವಾಸನೆ ಬಂದು ಚಿಗವ್ವನೇ ಕಂಡುಹಿಡಿದಳು.

ಹುಬ್ಬಳ್ಳಿಯ ಕಿಮ್ಸ್ ಸರಕಾರಿ ಆಸ್ಪತ್ರೆಯಲ್ಲಿ 19 ದಿನ. ಬೆರಳು ತೆಗೆದರು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಪುಕ್ಕಟೆ ಇದೆಯಲ್ಲ, ಹಾಗಾಗಿ ಚಿಗವ್ವನ ಬಂಗಾರದ ಬೋರಮಾಳ ಸರ ಮಾರದೆ ಉಳಿಯಿತು. ಅದಕ್ಕೆ ಋಣಿ, ಸುಳ್ಳು ಹೇಳಲ್ಲ.

ಆದರೆ ಬೆರಳು ಕತ್ತರಿಸೋಕೆ ಆಗುವ ಕಾರ್ಡು, ಬೆರಳು ಉಳಿಸುವ ದಿನದ ಗುಳಿಗೆಗೆ ಆಗಲ್ಲ. ಅದು ಅಡ್ಮಿಟ್ ಆದವರಿಗೆ. ದಿನದ ಗುಳಿಗೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗಬೇಕು, ಸಿಗುತ್ತಿತ್ತು ಕೂಡ. ಆಮೇಲೆ ಒಂದು ಸಲ "ಸ್ಟಾಕ್ ಇಲ್ರಿ, ಮುಂದಿನ ವಾರ ಬರ್ರಿ" ಅಂದರು, ಮುಂದಿನ ವಾರವೂ ಅದೇ ಮಾತು. ಹಮಾಲರಿಗೆ ಒಂದು ಸಲ ಹೋಗಿಬರೋದು ಅಂದರೆ ಒಂದು ದಿನದ ಪಗಾರ ಖೋತಾ. ಮೆಡಿಕಲ್ ಅಂಗಡಿಯಲ್ಲಿ ಬೇರೆ ಕಂಪನಿಯದ್ದು ತಗೊಂಡರು, ತುಟ್ಟಿ ಅನಿಸಿತು, ಹೇಗೂ ಎಲ್ಲೂ ನೋವಿಲ್ಲವಲ್ಲ ಅಂತ ಬಿಟ್ಟೇಬಿಟ್ಟರು. ಕೇಂದ್ರ ಸರಕಾರದ ಜನೌಷಧಿ ಅಂಗಡಿಯಲ್ಲಿ ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ 10 ಗುಳಿಗೆಗೆ 10 ರೂಪಾಯಿ ಆಸುಪಾಸು. ಇದನ್ನು ನಾನೂ ಅವರಿಗೆ ಹೇಳಿರಲಿಲ್ಲ. ಕೇಳಬೇಕು ಅಂತ ನನಗೂ ಹೊಳೆದಿರಲಿಲ್ಲ.

ಈಗ ಸರಕಾರದ ಕಡೆಯಿಂದಲೇ ಲೆಕ್ಕ ಹಾಕಿ. ಆ ಸ್ಟ್ರಿಪ್ಪಿನ ದುಡ್ಡು ಉಳಿದಿದ್ದಕ್ಕೆ 19 ದಿನದ ಬೆಡ್, ಆಪರೇಶನ್ ಥಿಯೇಟರ್, ಆ್ಯಂಟಿಬಯಾಟಿಕ್, ದಿನಾ ಡ್ರೆಸ್ಸಿಂಗ್! ಎಂಥ ಉಳಿತಾಯ, ಅಲ್ವಾ?

ಪಕ್ಕದ ಬೆಡ್‌ನಲ್ಲಿ ಮುಂಡರಗಿ ಕಡೆಯ ಒಬ್ಬ ಅಜ್ಜಿ. ಶುಗರ್‌ನಿಂದಲೇ ಕಿಡ್ನಿ ಹೋಗಿತ್ತು. ವಾರಕ್ಕೆ ಎರಡು ಸಲ ಡಯಾಲಿಸಿಸ್, ಜೀವ ಇರೋತನಕ. ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಪುಕ್ಕಟೆ ಮಾಡುವ ಕೇಂದ್ರದ ಯೋಜನೆ 2016ರಲ್ಲೇ ಬಂದಿದೆ. ಆದರೆ ಒಬ್ಬರು ಸುಮಾರು ನಾಲ್ಕು ತಾಸು ಮಷಿನ್ ಹಿಡಿದರೆ ಮುಂದಿನವರು ಹೊರಗೆ ಕೂತಿರಬೇಕು, ಮಷಿನ್ ಎಷ್ಟು ತಂದರೂ ಅಷ್ಟೇ. ಅಜ್ಜಿಗೆ ಬಸ್ಸೂ ಪುಕ್ಕಟೆ, ಶಕ್ತಿ ಯೋಜನೆ ಇದೆ. ಜೊತೆಗೆ ಬರುವ ಮಗನಿಗೆ ಟಿಕೆಟ್, ಮೇಲೆ ವಾರಕ್ಕೆ ಎರಡು ದಿನದ ಕೂಲಿ. ಅದು ಯಾವ ಲೆಕ್ಕದಲ್ಲೂ ಬರಲ್ಲ.

ಗದಗಿನಲ್ಲಿ, ಹಾವೇರಿಯಲ್ಲಿ ಈಗ ಮೆಡಿಕಲ್ ಕಾಲೇಜು ಆಗಿವೆ. ಆದರೂ ಕೈ ಮೀರಿದ ಮೇಲೆ ಜನ ಬರೋದು ಹುಬ್ಬಳ್ಳಿಗೇ. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಶುಗರ್ ಇದೆ. ಇವರಲ್ಲಿ ಸ್ವಲ್ಪ ಜನ ಕಾಕಾನ ದಾರಿ ಹಿಡಿದರೂ ಎಷ್ಟು ವಾರ್ಡು ಕಟ್ಟಿಸ್ತೀರಿ? ನನ್ನ ಕೇಳಿದರೆ ಮೊದಲು ಆರೋಗ್ಯ ಕೇಂದ್ರದ ಕಪಾಟು ತುಂಬಿಸಿ. ಗುಳಿಗೆ ಒಯ್ಯುತ್ತಿದ್ದ ರೋಗಿ ಬರೋದು ನಿಲ್ಲಿಸಿದರೆ ಕೇಂದ್ರದಿಂದಲೇ ಅವರಿಗೆ ಒಂದು ಫೋನ್ ಮಾಡಿ, ಸಾಕು.

ಕಾಕಾ ಈಗ ಮನೆಯಲ್ಲಿದ್ದಾರೆ. ರಾತ್ರಿ ಊಟ ಆದ ಮೇಲೆ ಚಿಗವ್ವ ಮೊಬೈಲ್ ಟಾರ್ಚ್ ಹಾಕಿ ಅಂಗಾಲು ನೋಡುತ್ತಾಳೆ, ಕಸಬರಿಗೆ ಕಡ್ಡಿಯಿಂದ ಮುಟ್ಟಿಸಿ "ಗೊತ್ತಾತೇನ್ರಿ?" ಅಂತ ಕೇಳುತ್ತಾಳೆ. ಮೊನ್ನೆ ನಾನೂ ಅಲ್ಲೇ ಕೂತಿದ್ದೆ. ಕಾಕಾ ಟಿವಿ ನೋಡುತ್ತಲೇ "ಹ್ಞೂಂ, ಗೊತ್ತಾತು" ಅಂದರು. ಚಿಗವ್ವ ಇನ್ನೂ ಕಡ್ಡಿ ಮುಟ್ಟಿಸಿರಲೇ ಇಲ್ಲ.